ಕಳಸವಳ್ಳಿ ದಡದ ಅಂಗಡಿ ಮುಚ್ಚುತ್ತಿದ್ದೇವೆ, ಉಪ್ಪಿನಕಾಯಿ ಅಲ್ಲ

ಪ್ರೀತಿಯ ಗ್ರಾಹಕರಿಗೆ ನಮಸ್ಕಾರ.

ವಿಷಯ ಮೊದಲೇ ಹೇಳಿಬಿಡುತ್ತೇವೆ. ಕಳಸವಳ್ಳಿಯಲ್ಲಿ ಜನ, ಗಾಡಿ ದಾಟಿಸುತ್ತಿದ್ದ ಲಾಂಚಿನ ದಡದಲ್ಲಿದ್ದ ನಮ್ಮ ಸಂಘದ ಅಂಗಡಿ ಈ ತಿಂಗಳ ಕೊನೆಗೆ ಮುಚ್ಚುತ್ತದೆ. 100 ಗ್ರಾಂನ ಸಣ್ಣ ಬಾಟಲಿ ನಿಲ್ಲುತ್ತದೆ. ಪಾರ್ಸೆಲ್ ಬಿಲ್ಲಿನಲ್ಲಿ ‘ಹೊಳೆ ಖರ್ಚು’ ಅಂತ ಹಾಕುತ್ತಿದ್ದ 30 ರೂಪಾಯಿ ಇನ್ನು ಇರುವುದಿಲ್ಲ. ಅಪ್ಪೆಮಿಡಿ (ಪರಿಮಳದ ಎಳೆ ಮಾವಿನಕಾಯಿ) ಉಪ್ಪಿನಕಾಯಿ, ಹಲಸಿನ ಹಪ್ಪಳ, ಕಾಳುಮೆಣಸು, ಜೇನುತುಪ್ಪ ಎಲ್ಲ ಮೊದಲಿನ ಹಾಗೇ ಸಿಗುತ್ತವೆ.

ಇಷ್ಟು ಸಾಕು ಅನ್ನುವವರು ಇಲ್ಲಿಗೇ ನಿಲ್ಲಿಸಬಹುದು. ಆದರೆ ನಿಮ್ಮಲ್ಲಿ ಹೆಚ್ಚಿನವರು ನಮಗೆ ಪರಿಚಯ ಆಗಿದ್ದು ಆ ದಡದಲ್ಲೇ. ಸಿಗಂದೂರು ಚೌಡೇಶ್ವರಿ ದರ್ಶನ ಮುಗಿಸಿ ಬಂದು, ಲಾಂಚಿಗೆ ಕಾರು ಹತ್ತಿಸುವ ಸಾಲಿನಲ್ಲಿ ನಿಂತು, ಮಕ್ಕಳು ಹಠ ಹಿಡಿದಾಗ ಕೆಳಗಿಳಿದು ‘ಏನಮ್ಮ ಇದು’ ಅಂತ ಕೇಳಿದವರು ನೀವು. ಒಂದು ಮಿಡಿ ಕಚ್ಚಿ, ಮುಖ ಹಿಂಡಿ, ಮತ್ತೆ ಇನ್ನೊಂದಕ್ಕೆ ಕೈ ಚಾಚಿದವರು. ಹಾಗಾಗಿ ಕಾರಣ ಹೇಳದೆ ಬಾಗಿಲು ಹಾಕುವುದು ಸರಿಯಲ್ಲ ಅನ್ನಿಸಿತು.

ಕಾರಣ ನಿಮಗೂ ಗೊತ್ತಿದ್ದದ್ದೇ. 2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆ ಆಯಿತು. ಎರಡು ಕಿಲೋಮೀಟರಿಗಿಂತ ಉದ್ದದ ಸೇತುವೆ. ಈ ದಡದಲ್ಲಿ ಕಾರು ಹತ್ತಿಸಿದರೆ ಒಂದು ಹಾಡು ಮುಗಿಯುವ ಮೊದಲೇ ಆಚೆ ದಡ. ಈಗ ಯಾರೂ ಕಾಯುವುದಿಲ್ಲ. ಕಾಯದವರು ಉಪ್ಪಿನಕಾಯಿ ಕೊಳ್ಳುವುದಿಲ್ಲ. ನಮ್ಮ ವ್ಯಾಪಾರ ನಿಂತಿದ್ದು ಅಪ್ಪೆಮಿಡಿ ರುಚಿಯ ಮೇಲೆ ಅಂತ ನಾವು ಅಂದುಕೊಂಡಿದ್ದೆವು. ಅರ್ಧ ನಿಂತಿದ್ದು ನಿಮ್ಮ ಬೇಸರದ ಮೇಲೆ ಅಂತ ಈಗ ಗೊತ್ತಾಯಿತು. ನಮ್ಮ ಪಕ್ಕದಲ್ಲಿ ಚಹಾ, ಚುರುಮುರಿ ಮಾರುತ್ತಿದ್ದವರದ್ದೂ ಇದೇ ಕಥೆ.

ಹಾಗಂತ ಸೇತುವೆ ಬೇಡವಾಗಿತ್ತು ಅಂತ ನಾವು ಯಾವತ್ತೂ ಹೇಳುವುದಿಲ್ಲ. ದಯವಿಟ್ಟು ಯಾರೂ ಹಾಗೆ ತಿಳಿಯಬೇಡಿ. ಪ್ರವಾಸಕ್ಕೆ ಬಂದವರಿಗೆ ಲಾಂಚ್ ಅಂದರೆ ತಂಪು ಗಾಳಿ, ಫೋಟೊ ಆಗಿತ್ತು. ಕರೂರು ಹೋಬಳಿಯ ನಮಗೆ ಅದು ಗಡಿಯಾರವಾಗಿತ್ತು. ಸಾಗರದಲ್ಲಿ ಮದುವೆ ಊಟಕ್ಕೆ ಕೂತರೂ ಕಣ್ಣು ಗಂಟೆಯ ಮೇಲೆ. ಸಂಜೆಯ ಕೊನೆ ಲಾಂಚ್ ತಪ್ಪಿದರೆ ನೆಂಟರ ಮನೆಯೇ ಗತಿ, ಇಲ್ಲವೇ ಕಾರ್ಗಲ್, ಕೋಗಾರು ಮೇಲಿಂದ ಕಾಡು ಸುತ್ತಿ ಬರಬೇಕಿತ್ತು. ರಾತ್ರಿ ಹೆರಿಗೆ ನೋವು ಬಂದರೆ ಏನು ಮಾಡುವುದು ಅಂತ ಯೋಚಿಸಿ, ತಿಂಗಳು ತುಂಬುವ ಮೊದಲೇ ಮಗಳನ್ನು ಆಚೆ ದಡದ ನೆಂಟರ ಮನೆಯಲ್ಲಿ ಬಿಟ್ಟು ಬಂದವರು ನಮ್ಮ ಸಂಘದಲ್ಲೇ ಇದ್ದಾರೆ. ಉದ್ಘಾಟನೆ ಮುಗಿದ ಮೇಲೆ ನಾವೆಲ್ಲ ಸೇತುವೆ ಮೇಲೆ ನಡೆದುಕೊಂಡೇ ಹೋಗಿ ಬಂದೆವು. ನಮ್ಮಲ್ಲಿ ಹಿರಿಯರೊಬ್ಬರು ನಡುವೆ ನಿಂತು ಕೆಳಗಿನ ನೀರಿಗೆ ಕೈ ಮುಗಿದರು. ಅವರ ತವರು ಆ ನೀರಿನ ಅಡಿಯಲ್ಲಿದೆ.

ಅದೂ ಒಂದು ಮಾತು. ಬಹಳ ಜನ ಇದನ್ನು ಹೊಳೆ ಅಂತಲೇ ತಿಳಿಯುತ್ತಾರೆ. ನಾವೂ ರೂಢಿಯಲ್ಲಿ ಹೊಳೆ ಅನ್ನುತ್ತೇವೆ. ನಿಜಕ್ಕೆ ಇದು ಲಿಂಗನಮಕ್ಕಿಯ ಹಿನ್ನೀರು. ಅಣೆಕಟ್ಟು ಮುಗಿದದ್ದು 1964ರಲ್ಲಿ. ಅದಕ್ಕೂ ಮೊದಲು ಇಲ್ಲಿ ಗದ್ದೆ, ಅಡಿಕೆ ತೋಟ, ಊರು, ಮಧ್ಯದಲ್ಲಿ ಶರಾವತಿ. ಕಟ್ಟೆ ತುಂಬಿದಾಗ ನೀರಿನ ಮಟ್ಟ ಸಮುದ್ರ ಮಟ್ಟದಿಂದ 1,819 ಅಡಿ. ಆ ನೀರಿನ ಹರವು 300 ಚದರ ಕಿಲೋಮೀಟರಿಗೂ ಜಾಸ್ತಿ. ರಾಜ್ಯಕ್ಕೆ ಕರೆಂಟು ಬಂತು, ನಮ್ಮ ಹೋಬಳಿ ಮೂಲೆಗೆ ಬಿತ್ತು. ಬೇಸಿಗೆಯಲ್ಲಿ ನೀರು ಇಳಿದಾಗ ಅದಕ್ಕಿಂತ ಹಳೆಯ ಹಿರೇಭಾಸ್ಕರ ಅಣೆಕಟ್ಟು ಮೇಲೆ ಏಳುತ್ತದೆ. ಒಂದು ಅಣೆಕಟ್ಟನ್ನು ಇನ್ನೊಂದು ನುಂಗಿದ ಜಾಗ ಇದು.

ನೀರು ನುಂಗಿದ್ದರಲ್ಲಿ ಅಪ್ಪೆಮಿಡಿ ಮರಗಳೂ ಇದ್ದವು. ಅಪ್ಪೆಗೆ ಹೊಳೆದಂಡೆಯೇ ಇಷ್ಟ. ತಂಪು ಮಣ್ಣು, ಹರಿಯುವ ನೀರಿನ ಪಕ್ಕ ಅದು ಆಳೆತ್ತರವಲ್ಲ, ಮುಗಿಲೆತ್ತರ ಬೆಳೆಯುತ್ತದೆ. ಹೊಳೆಯನ್ನು ಕಟ್ಟಿದರೆ ಮೊದಲು ಮುಳುಗುವುದೂ ದಂಡೆಯೇ ತಾನೆ. ಈಗ ನಾವು ಮಿಡಿ ತರುವುದು ಮೇಲಿನ ಹಳ್ಳಗಳ ದಂಡೆಯಲ್ಲಿ ಉಳಿದ ಮರಗಳಿಂದ, ಜೊತೆಗೆ ಹಳೆ ಮರದ ಕಡ್ಡಿ ತಂದು ಕಸಿ ಕಟ್ಟಿದ ಗಿಡಗಳಿಂದ. ‘ಮರಕ್ಕೊಂದು ವಾಸನೆ ಯಾಕೆ, ಹೋದ ವರ್ಷದ್ದೇ ಬೇಕು’ ಅಂತ ಕೇಳುವವರಿಗೆ ಇದೇ ಉತ್ತರ. ಒಂದಕ್ಕೆ ಜೀರಿಗೆ ವಾಸನೆ, ಇನ್ನೊಂದಕ್ಕೆ ಕರ್ಪೂರದ್ದು. ಆ ಮರ ಈ ವರ್ಷ ಹೂ ಬಿಡದಿದ್ದರೆ ನಾವೇನೂ ಮಾಡುವ ಹಾಗಿಲ್ಲ.

ಮಿಡಿಗೆ ತಾಳ್ಮೆ ಕಡಿಮೆ. ನೆಲಕ್ಕೆ ಬಿದ್ದ ಮಿಡಿ ಕೆಲಸಕ್ಕೆ ಬಾರದು, ಪೆಟ್ಟಾದದ್ದು ಭರಣಿಯಲ್ಲಿ ಕೊಳೆಯುತ್ತದೆ, ಜೊತೆಗಿದ್ದವನ್ನೂ ಕೆಡಿಸುತ್ತದೆ. ಮರ ಹತ್ತಿ ಕೊಯ್ದು, ಹಗ್ಗದಲ್ಲಿ ಬುಟ್ಟಿ ಇಳಿಸಬೇಕು. ತೊಟ್ಟಿನಲ್ಲಿ ಸೊನೆ ಇರುವಾಗಲೇ ಉಪ್ಪಿಗೆ ಹಾಕಬೇಕು. ವಾಸನೆ ಇರುವುದೇ ಸೊನೆಯಲ್ಲಿ. ಉಪ್ಪಿನಕಾಯಿ ವರ್ಷಗಟ್ಟಲೆ ಕೆಡದೆ ಇರುವುದಕ್ಕೂ ಸೊನೆ ಬೇಕು. ಒಂದು ಸಲ ಆಚೆ ದಡದಿಂದ ಬರಬೇಕಿದ್ದ ಎಂಟು ಬುಟ್ಟಿ ಮಿಡಿಗೆ ಕೊನೆ ಲಾಂಚ್ ತಪ್ಪಿತು. ತಪ್ಪು ನಮ್ಮದೇ, ಕೊಯ್ಲು ಮುಗಿಸಿ ಹೊರಡುವಾಗಲೇ ಹೊತ್ತಾಗಿತ್ತು. ರಾತ್ರಿ ಇಡೀ ಬುಟ್ಟಿ ದಡದಲ್ಲೇ ಉಳಿಯಿತು. ಬೆಳಿಗ್ಗೆ ತೆಗೆದು ನೋಡಿದರೆ ಮಿಡಿ ಬಾಡಿ ಮೆತ್ತಗಾಗಿತ್ತು. ಅಷ್ಟನ್ನೂ ಗೊಬ್ಬರದ ಗುಂಡಿಗೆ ಹಾಕಿದೆವು. ಆ ವರ್ಷ ‘ಸ್ಟಾಕ್ ಇಲ್ಲ’ ಅಂತ ನಿಮಗೆ ಫೋನ್ ಮಾಡಿದ್ದು ಅದಕ್ಕೇ. ಮುಂದಿನ ಜನವರಿಯಿಂದ ಆಚೆ ದಡದ ಮಿಡಿಯೂ ಕೊಯ್ದ ದಿನವೇ ಉಪ್ಪು ಕಾಣುತ್ತದೆ. ಸೇತುವೆಯಿಂದ ನಿಮ್ಮ ನಾಲಿಗೆಗೆ ಆಗುವ ಲಾಭ ಇದು.

ಇನ್ನು ಹೊಳೆ ಖರ್ಚಿನ ಲೆಕ್ಕ. ಪಾರ್ಸೆಲ್ ಕಳಿಸಲು ಒಬ್ಬರು ಮಂಗಳವಾರ, ಶುಕ್ರವಾರ ಲಾಂಚಿನಲ್ಲಿ ಡಬ್ಬ ಹೊತ್ತು ಸಾಗರಕ್ಕೆ ಹೋಗಬೇಕಿತ್ತು. ಹಬ್ಬದ ಸೀಸನ್ನಿನಲ್ಲಿ ಗಾಡಿಗಳ ಸಾಲೇ ದಡದಿಂದ ಮೇಲಿನ ತಿರುವಿನವರೆಗೆ. ಒಂದಿಡೀ ದಿನದ ಕೂಲಿ ಅದರಲ್ಲೇ ಹೋಗುತ್ತಿತ್ತು. 30 ರೂಪಾಯಿ ತೆಗೆದುಕೊಂಡದ್ದು ಅದಕ್ಕೆ. ಈಗ ಆ ಕೂಲಿ ಇಲ್ಲ, ಹಾಗಾಗಿ ಆ ದುಡ್ಡೂ ಇಲ್ಲ. ಕೊರಿಯರ್ ಚಾರ್ಜ್ ಮಾತ್ರ ಬೇರೆಯಾಗಿ ಬೀಳುತ್ತದೆ.

‘ಸೇತುವೆ ಆಯ್ತಲ್ವಾ, ದಿನಾ ಕಳಿಸಿ’ ಅಂತ ಕೆಲವರು ಕೇಳಿದ್ದಾರೆ. ಅದು ಆಗುವುದಿಲ್ಲ. ರಸ್ತೆ ಬೇಗ ಆಗಿದೆ, ನಾವು ಬೇಗ ಆಗಿಲ್ಲ. ಪ್ಯಾಕ್ ಮಾಡುವವರು ಬೆಳಿಗ್ಗೆ ಕೊಟ್ಟಿಗೆ ಕೆಲಸ ಮುಗಿಸಿ, ಮಧ್ಯಾಹ್ನ ಊಟ ಆದ ಮೇಲೆ ಬಂದು ಕೂರುವವರು. ಸೋಮವಾರ, ಬುಧವಾರ, ಶುಕ್ರವಾರ ಕಳಿಸುತ್ತೇವೆ. ಹಿಂದೆ ಮೇ ಕೊನೆಯಿಂದ ಮಳೆ ಹಿಡಿಯುವವರೆಗೆ ಆರ್ಡರ್ ತೆಗೆದುಕೊಳ್ಳುತ್ತಿರಲಿಲ್ಲ. 2023ರ ಜೂನಿನಲ್ಲಿ ಮಳೆ ತಡವಾಗಿ, ನೀರು ತಳ ಕಂಡು, ಗಾಡಿಗಳು ಲಾಂಚ್ ಹತ್ತುವುದೇ ನಿಂತಿದ್ದು ನಿಮಗೆ ನೆನಪಿರಬಹುದು. ಹಪ್ಪಳ ಗರಿಗರಿ ಒಣಗಿ ರೆಡಿ, ದಾಟಿಸಲು ನೀರೇ ಇಲ್ಲ! ಇನ್ನು ಆ ರಜೆ ಇಲ್ಲ. ಹೊಸ ಹಪ್ಪಳ ಮೇ ತಿಂಗಳಲ್ಲೇ ನಿಮ್ಮ ಮನೆಗೆ ಬರುತ್ತದೆ.

ಸಣ್ಣ ಬಾಟಲಿ ನಿಲ್ಲಿಸುವುದಕ್ಕೆ ಕೆಲವರಿಗೆ ಬೇಜಾರಾಗುತ್ತದೆ, ಗೊತ್ತು. ಅದು ಹುಟ್ಟಿದ್ದೇ ಸಾಲಿನಲ್ಲಿ ನಿಂತವರಿಗೆ. ಕೈಚೀಲದಲ್ಲಿ ಹಿಡಿಯಬೇಕು, ಚಿಲ್ಲರೆಗೆ ಸಿಗಬೇಕು. ಕೊರಿಯರಿನಲ್ಲಿ ಕಳಿಸಿದರೆ ಒಳಗಿನ ಮಿಡಿಗಿಂತ ಗಾಜು, ರಟ್ಟಿನ ಖರ್ಚೇ ಜಾಸ್ತಿ. ಇನ್ನು ಅರ್ಧ ಕಿಲೋ, ಒಂದು ಕಿಲೋ ಮಾತ್ರ. ಬೆಲೆ ಏರಿಸಿಲ್ಲ.

ಕಾಳುಮೆಣಸಿನ ವಿಷಯ ಚಿಕ್ಕದು. ಇದೇ ಶರಾವತಿಯ ಕೆಳಗಿನ ಗೇರುಸೊಪ್ಪೆಯನ್ನು ಆಳಿದ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಅಂತ ಕರೆದರು. ಹೊನ್ನಾವರದ ಬಂದರಿನಿಂದ ಮೆಣಸು ಹಡಗು ಹತ್ತುತ್ತಿತ್ತು. ನಮ್ಮ ಮೆಣಸು ಬಸ್ಸು ಹತ್ತುತ್ತದೆ, ಅಷ್ಟೇ. 250 ಗ್ರಾಂ ಪೊಟ್ಟಣ ಹಾಗೇ ಇದೆ.

ಲೇಬಲ್ ಬಗ್ಗೆ ಸಂಘದ ಸಭೆಯಲ್ಲಿ ಜಗಳವೇ ಆಯಿತು. ಬಾಟಲಿ ಮೇಲಿನ ಲಾಂಚ್ ಚಿತ್ರ ತೆಗೆದು ಸೇತುವೆ ಹಾಕೋಣ ಅಂದರು ಹುಡುಗಿಯರು. ದೊಡ್ಡವರು ಒಪ್ಪಲಿಲ್ಲ. ಕೊನೆಗೆ ಗೆದ್ದಿದ್ದು ಗೋಡೌನಿನಲ್ಲಿ ಮಿಕ್ಕಿರುವ ಲೇಬಲ್ ಕಟ್ಟುಗಳು. ಅವು ಮುಗಿಯುವವರೆಗೆ ಲಾಂಚೇ ಇರುತ್ತದೆ.

ಅಂಗಡಿಯ ಬೆಂಚು, ಗಾಜಿನ ಕಪಾಟು ಈಗ ತುಮರಿಯಲ್ಲಿರುವ ಸಂಘದ ಮನೆಗೆ ಬರುತ್ತವೆ. ಈ ದಾರಿಯಲ್ಲಿ ಕೊಲ್ಲೂರಿಗೆ ಹೋಗುವವರು ಮಧ್ಯಾಹ್ನ ಎರಡರಿಂದ ಐದರ ಒಳಗೆ ಬಂದರೆ ರುಚಿ ನೋಡಿ ತೆಗೆದುಕೊಳ್ಳಬಹುದು. ಮಜ್ಜಿಗೆ ಇರುತ್ತದೆ. ಸಂಕ್ರಾಂತಿಗೆ ಸಿಗಂದೂರು ಜಾತ್ರೆಯ ಎರಡೂ ದಿನ ಅಲ್ಲಿ ಮೇಜು ಹಾಕುತ್ತೇವೆ. ಉಳಿದ ಸಣ್ಣ ಬಾಟಲಿಗಳನ್ನು ಅಲ್ಲೇ ಖಾಲಿ ಮಾಡುತ್ತೇವೆ, ಬೇಕಾದವರು ಬೇಗ ಬನ್ನಿ. ಆರ್ಡರಿಗೆ ಬಾಟಲಿ ಮೇಲಿರುವ ಹಳೆ ನಂಬರೇ ಸಾಕು. ಸಂಜೆ ಆರರ ಮೇಲೆ ಮಾಡಿ, ಹಗಲು ಫೋನ್ ಒಳಗೆ ಚಾರ್ಜಿಗೆ ಹಾಕಿರುತ್ತೇವೆ.

ಇತಿ ನಿಮ್ಮ,
ಸಂಘದ ಎಲ್ಲ ಸದಸ್ಯೆಯರು
ಕರೂರು ಹೋಬಳಿ, ಸಾಗರ ತಾಲೂಕು