ತುಕ್ಕು ಬೇರೆ, ಅದಿರಿನ ಧೂಳು ಬೇರೆ: ನನ್ನ ಆರು ವ್ಯಾಗನ್‌ಗಳ ಬಗ್ಗೆ ದೂರು

ಇವರಿಗೆ,
ಗ್ರಾಹಕ ಸೇವಾ ವಿಭಾಗದವರು,
ಮಾಡೆಲ್ ರೈಲು ಪೇಂಟಿಂಗ್ ಸೇವೆ.

ವಿಷಯ: ಎಚ್‌ಒ ಅಳತೆಯ (ನಿಜವಾದದ್ದರ 87ರಲ್ಲಿ ಒಂದು ಭಾಗದಷ್ಟಿರುವ) 6 ಗೂಡ್ಸ್ ವ್ಯಾಗನ್‌ಗಳಿಗೆ ಒಪ್ಪಿಕೊಂಡಂತೆ ವೆದರಿಂಗ್ (ಬಳಸಿ ಹಳೆಯದಾದ ಹಾಗೆ ಕಾಣಿಸುವ ಬಣ್ಣದ ಕೆಲಸ) ಮಾಡಿಕೊಡದ ಬಗ್ಗೆ ಮತ್ತು ಹಣ ವಾಪಸ್ ಕೊಡುವ ಬಗ್ಗೆ.

ಮಾನ್ಯರೇ,

ಜೂನ್ ಮೊದಲ ವಾರ ನಿಮಗೆ ಆರು ವ್ಯಾಗನ್ ಕಳಿಸಿದ್ದೆ. ನಾಲ್ಕು ಬಾಕ್ಸ್‌ಎನ್, ಎರಡು ಬಾಕ್ಸ್‌ಎನ್‌ಎಚ್‌ಎಲ್. ಎರಡೂ ಮೇಲೆ ತೆರೆದಿರುವ ಸರಕು ವ್ಯಾಗನ್‌ನ ಬಗೆಗಳು. ಮೂಲ ಬಣ್ಣ ನಾನೇ ಸ್ಪ್ರೇ ಕ್ಯಾನ್‌ನಲ್ಲಿ ಹೊಡೆದಿದ್ದೆ. ಡೆಕಾಲ್ (ನಂಬರ್, ಅಕ್ಷರಗಳನ್ನು ಅಚ್ಚು ಹಾಕಿದ ತೆಳು ಪೊರೆ) ಅಂಟಿಸಿ, ಬಳ್ಳಾರಿ–ಹೊಸಪೇಟೆ ಕಡೆ ಕಬ್ಬಿಣದ ಅದಿರು ಹೊರುವ ವ್ಯಾಗನ್‌ಗಳ ಹಾಗೆ ವೆದರಿಂಗ್ ಮಾಡಿಕೊಡಬೇಕು ಅನ್ನುವುದು ನಮ್ಮ ಮಾತಾಗಿತ್ತು. ಒಂದಕ್ಕೆ 1,800 ರೂಪಾಯಿಯಂತೆ 10,800 ರೂಪಾಯಿ ಮೊದಲೇ ಕಟ್ಟಿದ್ದೇನೆ. ಡೆಕಾಲ್ ಹಾಳೆಗಳು ನನ್ನವು. ಅವನ್ನು ಬೇರೆಯವರಿಂದ 1,500 ರೂಪಾಯಿ ಕೊಟ್ಟು ಮಾಡಿಸಿದ್ದೆ. ನಾಲ್ಕು ವಾರ ಅಂದಿದ್ದಿರಿ, ಹನ್ನೊಂದು ವಾರ ಆಯ್ತು. ತಡವಾಗಿದ್ದಕ್ಕೆ ನನ್ನ ತಕರಾರಿಲ್ಲ. ಕೈಕೆಲಸಕ್ಕೆ ಹೊತ್ತು ಹಿಡಿಯುತ್ತದೆ.

ತಕರಾರು ಇರುವುದು ಡಬ್ಬ ತೆರೆದಾಗ ಕಂಡದ್ದರ ಬಗ್ಗೆ. ಆರಕ್ಕೆ ಆರೂ ಒಂದೇ ಕಂದು ಬಣ್ಣ. ಮೇಲಿನ ಅಂಚಿನಿಂದ ಚಕ್ರದವರೆಗೆ, ಒಳಗೂ ಹೊರಗೂ, ಒಂದೇ ಬಣ್ಣವನ್ನು ಏರ್‌ಬ್ರಷ್‌ನಲ್ಲಿ ಹೊಡೆದು ಮುಗಿಸಿದ್ದೀರಿ. ಫೋನ್ ಮಾಡಿ ಕೇಳಿದರೆ, "ಸರ್, ತುಕ್ಕು ಅಂದ್ರೆ ತುಕ್ಕು, ಇಷ್ಟು ಚಿಕ್ಕದ್ರಲ್ಲಿ ಯಾರಿಗೆ ಗೊತ್ತಾಗುತ್ತೆ" ಅಂದರು ನಿಮ್ಮವರು. ಈ ಮಾತಿಗಾಗಿಯೇ ಇಷ್ಟುದ್ದ ಬರೆಯುತ್ತಿದ್ದೇನೆ.

ನಾನು ಬೆಳೆದದ್ದು ಹೊಸಪೇಟೆಯಲ್ಲಿ. ಅಪ್ಪ ಗೂಡ್ಸ್ ಗಾರ್ಡ್ ಆಗಿದ್ದರು. ಈಗ ಆ ಹುದ್ದೆಗೆ ಟ್ರೇನ್ ಮ್ಯಾನೇಜರ್ ಅನ್ನುತ್ತಾರೆ. ಡ್ಯೂಟಿ ಮುಗಿಸಿ ಬಂದಾಗ ಅವರ ಬಿಳಿ ಷರಟಿನ ಕಾಲರ್ ಕೆಂಪಾಗಿರುತ್ತಿತ್ತು. ಅಮ್ಮ ಎಷ್ಟು ಉಜ್ಜಿದರೂ ಆ ಕೆಂಪು ಪೂರ್ತಿ ಹೋಗುತ್ತಿರಲಿಲ್ಲ. ಅದು ತುಕ್ಕಲ್ಲ, ಅದಿರಿನ ಧೂಳು. ತುಕ್ಕು ಕಬ್ಬಿಣದ ಒಳಗಿಂದ ಬರುತ್ತದೆ. ಬಣ್ಣ ಎದ್ದ ಕಡೆ, ಪೆಟ್ಟು ಬಿದ್ದ ಕಡೆ, ಬೆಸುಗೆ ಹಾಕಿದ ಕಡೆ ಶುರುವಾಗುತ್ತದೆ. ಕಪ್ಪು ಕಲೆತ ಕಂದಾಗಿ, ಚಕ್ಕೆ ಚಕ್ಕೆಯಾಗಿ ಏಳುತ್ತದೆ. ಧೂಳು ಹೊರಗಿಂದ ಬಂದು ಕೂರುತ್ತದೆ. ಎಲ್ಲಿ ಚಾಚು ಇದೆಯೋ ಅಲ್ಲಿ, ಅಂದರೆ ಪಕ್ಕದ ಪಟ್ಟಿಗಳ ಮೇಲೆ, ಬಾಗಿಲಿನ ಕೀಲುಗಳ ಮೇಲೆ, ಕೆಳಗಿನ ಚೌಕಟ್ಟಿನ ಮೇಲೆ. ಮಳೆ ಬಂದರೆ ಅಲ್ಲಿಂದ ಕೆಂಪು ಗೆರೆಗಳಾಗಿ ಇಳಿಯುತ್ತದೆ. ಬಣ್ಣವೂ ತುಕ್ಕಿನ ಹಾಗೆ ಕಂದಲ್ಲ, ಕುಂಕುಮಕ್ಕೆ ಸ್ವಲ್ಪ ಬೂದಿ ಬೆರೆಸಿದ ಹಾಗೆ. ಒಂದು ವ್ಯಾಗನ್ ಮೇಲೆ ಇವೆರಡೂ ಬೇರೆ ಬೇರೆ ಜಾಗದಲ್ಲಿ, ಬೇರೆ ಬೇರೆ ರೀತಿಯಲ್ಲಿ ಕಾಣಬೇಕು. ತುಕ್ಕಿಗೆ ಎಣ್ಣೆ ಬಣ್ಣವನ್ನು ಚುಕ್ಕಿ ಚುಕ್ಕಿಯಾಗಿ ಇಟ್ಟು ಎಳೆಯಬೇಕು. ಧೂಳಿಗೆ ಒಣ ಪುಡಿಯನ್ನೇ ಕುಂಚದಲ್ಲಿ ಕೂರಿಸಬೇಕು. ಇದನ್ನೆಲ್ಲ ಬರೆದು, ನಾನೇ ತೆಗೆದ 23 ಫೋಟೊ ಕಳಿಸಿದ್ದೆ. "ನೋಡಿದೆವು" ಅಂತ ಉತ್ತರವನ್ನೂ ಕೊಟ್ಟಿರಿ.

ವ್ಯಾಗನ್‌ನ ಒಳಗಡೆ ನೋಡಿ. ಬಾಕ್ಸ್‌ಎನ್‌ನ ಒಳ ಅಳತೆ ಸುಮಾರು 56 ಘನ ಮೀಟರ್. ಹೊರುವುದು ಸುಮಾರು 58 ಟನ್. ಕಲ್ಲಿದ್ದಲಾದರೆ ಅಂಚಿನವರೆಗೆ ತುಂಬುತ್ತದೆ. ಅದಿರು ಭಾರ. ಸುಮಾರು ಅರ್ಧ ತುಂಬುವಷ್ಟರಲ್ಲೇ ತೂಕ ಮುಗಿಯಿತು. ಹಾಗಾಗಿ ಅದಿರಿನ ವ್ಯಾಗನ್‌ನ ಒಳಗೆ ಕೆಳಗಿನ ಅರ್ಧ ಉಜ್ಜಿ ಉಜ್ಜಿ ಗಾಢ ಕೆಂಪಾಗಿರುತ್ತದೆ. ಮೇಲಿನ ಅರ್ಧ ಹಳೆಯ ತುಕ್ಕು, ತೆಳು ಧೂಳು. ನಡುವೆ ಒಂದು ಅಂಕುಡೊಂಕು ಗೆರೆ ಕಾಣುತ್ತದೆ. ನೋಡಿದವರಿಗೆ "ಇದು ಅದಿರಿನ ಗಾಡಿ" ಅಂತ ಹೇಳುವುದೇ ಆ ಗೆರೆ. ನನ್ನ ಪತ್ರದಲ್ಲಿ ಅದರ ಕೆಳಗೆ ಎರಡು ಸಲ ಗೀಟು ಎಳೆದಿದ್ದೆ. ನೀವು ಒಳಗಡೆ ಅಂಚಿನವರೆಗೂ ಒಂದೇ ಸಮ ಬಳಿದಿದ್ದೀರಿ.

ಇನ್ನು ಆ ಎರಡು ಬಾಕ್ಸ್‌ಎನ್‌ಎಚ್‌ಎಲ್. ಅವುಗಳ ಮೈ ಸ್ಟೇನ್‌ಲೆಸ್ ಸ್ಟೀಲ್. ಬಾಕ್ಸ್‌ಎನ್ ಹಾಗೆ ಪದರ ಪದರವಾಗಿ ತುಕ್ಕು ಏಳುವ ಮೈ ಅದಲ್ಲ. ಬೂದು ಬೆಳ್ಳಿ ಮೈಮೇಲೆ ಕೆಂಪು ಧೂಳು ಕೂತಿರುತ್ತದೆ, ಅಷ್ಟೇ. ಸಾಲಿನಲ್ಲಿ ನಾಲ್ಕು ಕಂದು, ಎರಡು ಬೂದು ಬರಲಿ ಅಂತಲೇ ಅವನ್ನು ಆರಿಸಿದ್ದೆ. ಅವುಗಳ ಮೇಲೆ ತುಕ್ಕಿನ ಪೇಸ್ಟ್ ಮೆತ್ತಿದ್ದೀರಿ, ಅದೂ ದಪ್ಪಕ್ಕೆ. ಕ್ಯಾಲಿಪರ್ ಇಟ್ಟು ಅಳೆದೆ. ಕೆಲವು ಕಡೆ ಅರ್ಧ ಮಿಲಿಮೀಟರ್ ಇದೆ. 87ರಿಂದ ಗುಣಿಸಿ ನೋಡಿ. ನಿಜವಾದ ವ್ಯಾಗನ್ ಮೇಲೆ ಅದು ನಾಲ್ಕು ಸೆಂಟಿಮೀಟರ್‌ಗಿಂತ ಜಾಸ್ತಿ ದಪ್ಪದ ತುಕ್ಕು. ಅಂಥ ಗಾಡಿಯನ್ನು ಯಾರು ಹಳಿ ಮೇಲೆ ಬಿಡುತ್ತಾರೆ?

ನಂಬರ್ ವಿಷಯ ನನಗೆ ಜಾಸ್ತಿ ನೋವು ಕೊಟ್ಟಿದೆ. ರೈಲ್ವೆ ವ್ಯಾಗನ್‌ನ ನಂಬರ್ ಸುಮ್ನೆ ಬರೆದ 11 ಅಂಕಿಯಲ್ಲ. ಮೊದಲ ಎರಡು ವ್ಯಾಗನ್ ಯಾವ ಬಗೆಯದು ಅಂತ ಹೇಳುತ್ತವೆ. ಮುಂದಿನ ಎರಡು ಯಾವ ರೈಲ್ವೆ ವಲಯದ್ದು ಅಂತ. ಐದನೆಯದು, ಆರನೆಯದು ತಯಾರಾದ ವರ್ಷ. ಆಮೇಲಿನ ನಾಲ್ಕು ಅದರ ಸ್ವಂತ ಸಂಖ್ಯೆ. ಕೊನೆಯದು ಉಳಿದ ಹತ್ತನ್ನೂ ಲೆಕ್ಕ ಹಾಕಿ ಬರುವ ತಪಾಸಣೆ ಅಂಕಿ. ಆರಕ್ಕೂ ಬೇರೆ ಬೇರೆ ನಂಬರ್ ಕೂತು ಲೆಕ್ಕ ಹಾಕಿ ಮಾಡಿಸಿದ್ದೆ. ಬಾಕ್ಸ್‌ಎನ್‌ಗಳಿಗೆ 97, 98ನೇ ವರ್ಷ, ಬಾಕ್ಸ್‌ಎನ್‌ಎಚ್‌ಎಲ್‌ಗಳಿಗೆ 14. ಯಾವುದು ಎಷ್ಟು ಹಳೆಯದಾಗಿ ಕಾಣಬೇಕು ಅನ್ನುವುದು ಆ ನಂಬರಿನಲ್ಲೇ ಇತ್ತು, ಅಲ್ವಾ? ನೀವು ಒಂದು ವ್ಯಾಗನ್‌ನ ಅಂಕಿಗಳನ್ನು ಕತ್ತರಿಸಿ ಇನ್ನೊಂದಕ್ಕೆ ಸೇರಿಸಿದ್ದೀರಿ. ಒಂದು ವ್ಯಾಗನ್‌ಗೆ ಎಡಕ್ಕೊಂದು ನಂಬರ್, ಬಲಕ್ಕೊಂದು ನಂಬರ್. ಒಂದು ಬಾಕ್ಸ್‌ಎನ್‌ಎಚ್‌ಎಲ್‌ಗೆ 98ನೇ ವರ್ಷದ ನಂಬರ್ ಬಿದ್ದಿದೆ.

ಅಂಟಿಸಿದ್ದೂ ಸರಿಯಿಲ್ಲ. ಅಕ್ಷರಗಳ ಸುತ್ತ ಬೆಳ್ಳಿಯ ಹಾಗೆ ಹೊಳೆಯುವ ಪೊರೆ ಕಾಣುತ್ತದೆ. ಮ್ಯಾಟ್ ಬಣ್ಣದ ಮೇಲೆ ನೇರವಾಗಿ ಡೆಕಾಲ್ ಇಟ್ಟರೆ ಕೆಳಗೆ ಗಾಳಿ ಸಿಕ್ಕಿಕೊಂಡು ಹೀಗಾಗುತ್ತದೆ. ಮೊದಲು ಹೊಳಪಿನ ವಾರ್ನಿಷ್, ಆಮೇಲೆ ಡೆಕಾಲ್, ಅದು ಮೈಗೆ ಅಂಟಲು ಸೆಟ್ಟಿಂಗ್ ದ್ರಾವಣ, ಅದರ ಮೇಲೊಂದು ವಾರ್ನಿಷ್, ಆಮೇಲೆ ವೆದರಿಂಗ್. ಈ ಕ್ರಮ ನಿಮಗೆ ನಾನು ಹೇಳಿಕೊಡಬೇಕಾಗಿ ಬಂತಲ್ಲ ಅಂತ ಬೇಸರ. ಕೊನೆಗೆ ಹೊಡೆದ ಮ್ಯಾಟ್ ವಾರ್ನಿಷ್ ಮೂರು ವ್ಯಾಗನ್ ಮೇಲೆ ಬಿಳಿ ಮಬ್ಬಾಗಿ ಕೂತಿದೆ. ಮಳೆಗಾಲದ ತೇವದಲ್ಲಿ ಹೊಡೆದಿದ್ದೀರಿ ಅಂತ ಕಾಣುತ್ತದೆ. ಒಂದು ದಿನ ಬಿಸಿಲಿಗೆ ಕಾದಿದ್ದರೆ ಆಗುತ್ತಿತ್ತು.

ಅಪ್ಪ ಒಂದು ಮಾತು ಹೇಳುತ್ತಿದ್ದರು. ಯಾರ್ಡಿನಲ್ಲಿ ನಂಬರ್ ಬರೆದುಕೊಳ್ಳುವವರು ಧೂಳು ಮುಚ್ಚಿದ ನಂಬರನ್ನು ಅಂಗೈಯಿಂದ ಒರೆಸಿ ಓದುತ್ತಿದ್ದರಂತೆ. ಅದಕ್ಕೇ ಎಷ್ಟೇ ಕೊಳೆಯಾದ ವ್ಯಾಗನ್‌ನಲ್ಲೂ ನಂಬರ್ ಸುತ್ತ ಒಂದು ಒರೆಸಿದ ಗುರುತು ಇರುತ್ತಿತ್ತು. ಒಂದು ವ್ಯಾಗನ್ ಮೇಲಾದರೂ ಆ ಗುರುತು ಬರಲಿ ಅಂತ ಕೇಳಿದ್ದೆ. ಅಪ್ಪ ಈಗಿಲ್ಲ. ಈ ಆರು ವ್ಯಾಗನ್ ಕೂರುವುದು ಅವರು ಕೆಲಸ ಮಾಡಿದ ಸೈಡಿಂಗ್ ನೆನಪಿಗೆ ನಾನು ಕಟ್ಟುತ್ತಿರುವ 8 ಅಡಿ ಹಲಗೆಯ ಮೇಲೆ. ಏರ್‌ಬ್ರಷ್, ಕಂಪ್ರೆಸರ್ ಇಡಲು ನಮ್ಮ ಮನೆಯಲ್ಲಿ ಜಾಗವಿಲ್ಲ. ಅದಕ್ಕೇ ನಿಮ್ಮನ್ನು ನಂಬಿದ್ದು.

ಉಳಿದವನ್ನು ಬೇಗ ಹೇಳಿಬಿಡುತ್ತೇನೆ. ಚಕ್ರಗಳು ಹಳಿಗೆ ತಾಗುವ ಜಾಗಕ್ಕೂ ಬಣ್ಣ ಬಿದ್ದಿದೆ, ಓಡಿಸಿದರೆ ಕುಂಟುತ್ತವೆ. ವ್ಯಾಗನ್‌ಗಳನ್ನು ಜೋಡಿಸುವ ನಾಲ್ಕು ಕಪ್ಲರ್‌ಗಳು ವಾರ್ನಿಷ್‌ನಲ್ಲಿ ಅಂಟಿ ಬಾಯಿ ತೆರೆಯುತ್ತಿಲ್ಲ. ಒಂದು ವ್ಯಾಗನ್‌ನ ಹ್ಯಾಂಡ್‌ಬ್ರೇಕ್ ಚಕ್ರ ಮುರಿದು ಡಬ್ಬದ ಮೂಲೆಯಲ್ಲಿ ಬಿದ್ದಿತ್ತು.

ಮತ್ತೆ ಕಳಿಸಿ, ಸರಿ ಮಾಡಿಕೊಡುತ್ತೇವೆ ಅಂದಿರಿ. ಆ ಧೈರ್ಯ ನನಗಿಲ್ಲ. ಒಂದು ವ್ಯಾಗನ್‌ನ ಮೂಲೆಯಲ್ಲಿ ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಹತ್ತಿಕಡ್ಡಿ ಉಜ್ಜಿ ನೋಡಿದೆ. ಬಣ್ಣ ಬಿಡುತ್ತದೆ, ಜೊತೆಗೆ ಡೆಕಾಲೂ ಎದ್ದು ಬರುತ್ತದೆ. ಅಂದರೆ ಮೊದಲಿನಿಂದ ಶುರು ಮಾಡಬೇಕು, ಡೆಕಾಲ್ ಮತ್ತೆ ಮಾಡಿಸಬೇಕು. ಆದ್ದರಿಂದ ಕೆಲಸದ 10,800 ರೂಪಾಯಿ ಮತ್ತು ಡೆಕಾಲ್‌ನ 1,500 ರೂಪಾಯಿ, ಒಟ್ಟು 12,300 ರೂಪಾಯಿಯನ್ನು ಈ ಪತ್ರ ತಲುಪಿದ 15 ದಿನದೊಳಗೆ ನನ್ನ ಖಾತೆಗೆ ವಾಪಸ್ ಹಾಕಿ. ಬಿಲ್, ನಮ್ಮ ನಡುವಿನ ಸಂದೇಶಗಳು, ಕಳಿಸುವ ಮುಂಚಿನ ಮತ್ತು ಬಂದ ಮೇಲಿನ ಫೋಟೊಗಳನ್ನು ಲಗತ್ತಿಸಿದ್ದೇನೆ. ಉತ್ತರ ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡುತ್ತೇನೆ. ಅಲ್ಲೂ ಆಗದಿದ್ದರೆ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ನಾನಿರುವ ಜಿಲ್ಲೆಯ ಗ್ರಾಹಕ ಆಯೋಗಕ್ಕೇ ಹೋಗುತ್ತೇನೆ. ಅಲ್ಲಿಗೆ ಹೋಗುವ ಆಸೆ ನನಗಿಲ್ಲ.

ಐದು ವ್ಯಾಗನ್‌ಗಳನ್ನು ಬಣ್ಣ ಕೆಡಿಸದೆ ಬಂದ ಹಾಗೇ ಡಬ್ಬದಲ್ಲಿಟ್ಟಿದ್ದೇನೆ. ನಿಮ್ಮ ಪೇಂಟರ್ ನೋಡಬೇಕು ಅಂದರೆ ಯಾವ ಭಾನುವಾರವಾದರೂ ಮನೆಗೆ ಬರಲಿ. ನನ್ನ ಫೋಟೊಗಳನ್ನೂ ಪಕ್ಕದಲ್ಲಿಟ್ಟು ತೋರಿಸುತ್ತೇನೆ.

ಇಂತಿ,
ನಿಮ್ಮ ಗ್ರಾಹಕ

ಲಗತ್ತು: ಬಿಲ್ಲಿನ ಪ್ರತಿ, ಸಂದೇಶಗಳ ಪ್ರತಿ, ಫೋಟೊಗಳು