‘ಬೇಡ’ ಎಂದಷ್ಟೇ ಬರೆದರೆ ಸಾಲದು

ಮಾನ್ಯ ಸಂಪಾದಕರೇ,

ಮಳೆಗಾಲ ಹಿಡಿಯಿತೆಂದರೆ ಪತ್ರಿಕೆಗಳಲ್ಲಿ ‘ಫ್ಲೂ ಜ್ವರಕ್ಕೆ ಆ್ಯಂಟಿಬಯಾಟಿಕ್ ಬೇಡ’ ಎಂಬ ಸಾಲು ಬರುತ್ತದೆ. ಯಾಕೆ ಬೇಡ ಎನ್ನುವುದು ಮಾತ್ರ ಬರುವುದಿಲ್ಲ. ಕೊಪ್ಪದಲ್ಲಿ 19 ವರ್ಷಗಳಿಂದ ಔಷಧಿ ಅಂಗಡಿ ನಡೆಸುತ್ತಿದ್ದೇನೆ. ಆ ‘ಯಾಕೆ’ ಇಲ್ಲದಿದ್ದರೆ ಆ ಸಾಲು ಯಾರ ತಲೆಗೂ ಹೋಗುವುದಿಲ್ಲ ಎಂಬುದನ್ನು ದಿನವೂ ನೋಡುತ್ತೇನೆ.

ಹೋದ ವಾರ ಅಡಿಕೆ ಬೆಳೆಗಾರರೊಬ್ಬರು ಬಂದರು. ಕೊಡೆ ಬಾಗಿಲಲ್ಲಿ ಒರಗಿಸಿ, ಅಂಗಿ ಜೇಬಿನಿಂದ ಅಜಿಥ್ರೊಮೈಸಿನ್ ಎಂಬ ಆ್ಯಂಟಿಬಯಾಟಿಕ್ಕಿನ ಹಳೆಯ ಸ್ಟ್ರಿಪ್ ತೆಗೆದಿಟ್ಟರು. ಮೂರರಲ್ಲಿ ಒಂದು ಮಾತ್ರೆ ಉಳಿದಿತ್ತು; ಸ್ಟ್ರಿಪ್ಪಿನ ಬೆನ್ನ ಮೇಲೆ, ಡಾಕ್ಟರ ಚೀಟಿ ಬೇಕೆಂದು ಹೇಳುವ ಕೆಂಪು ಗೆರೆ ಬೆವರಿಗೆ ಮಾಸಿತ್ತು. “ಮಗಳಿಗೆ ಜ್ವರ, ಮೈಕೈ ನೋವು ಅಮ್ಮಾ. ಹೋದ್ವರ್ಷ ನಂಗೆ ಇದ್ರಲ್ಲೇ ಇಳೀತು. ಇದ್ನೇ ಕೊಡಿ.” ಡಾಕ್ಟರ ಚೀಟಿ ಇರಲಿಲ್ಲ. ಇಲ್ಲ ಎಂದರೆ ಇನ್ನೊಂದು ಅಂಗಡಿಗೆ ಹೋಗುತ್ತಾರೆ, ಅದೂ ಗೊತ್ತು. “ಗೌಡ್ರೇ, ಅಡಿಕೆ ಕೊಳೆರೋಗಕ್ಕೆ ಹೊಡೆಯೋ ಬೋರ್ಡೋ ಔಷಧಿನ ಹಳದಿ ಎಲೆ ರೋಗಕ್ಕೆ ಹೊಡೆದ್ರೆ ವಾಸಿ ಆಗುತ್ತಾ?” ಎಂದೆ. “ಎಲ್ಲಾಗುತ್ತೆ, ಅದೇ ಬೇರೆ ಇದೇ ಬೇರೆ” ಎಂದರು. ಸ್ಟೂಲ್ ಎಳೆದುಕೊಟ್ಟೆ. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಬ್ಯಾಕ್ಟೀರಿಯಾಕ್ಕೆ ತನ್ನದೇ ಗೋಡೆ, ಪ್ರೋಟೀನು ತಯಾರಿಸಲು ತನ್ನದೇ ರೈಬೋಸೋಮು ಇರುತ್ತವೆ. ಅಮಾಕ್ಸಿಸಿಲಿನ್ ಎಂಬ ಆ್ಯಂಟಿಬಯಾಟಿಕ್ ಆ ಗೋಡೆ ಕಟ್ಟಲು ಬಿಡುವುದಿಲ್ಲ. ಅಜಿಥ್ರೊಮೈಸಿನ್ ಆ ರೈಬೋಸೋಮಿಗೆ ಅಡ್ಡ ಕೂರುತ್ತದೆ. ಫ್ಲೂ ವೈರಸ್ಸಿಗೆ ಎರಡೂ ಇಲ್ಲ. ಮಿಲಿಮೀಟರಿನ ಹತ್ತು ಸಾವಿರದಲ್ಲೊಂದು ಭಾಗದಷ್ಟು ಪುಟ್ಟ ಚೀಲ ಅದು, ಒಳಗೆ ಅದರ ವಂಶವಾಹಿ ಬರಹವಾದ 8 ತುಂಡು ಆರ್‌ಎನ್‌ಎ. ನಮ್ಮ ಶ್ವಾಸನಾಳದ ಜೀವಕೋಶಗಳ ಮೇಲಿರುವ ಸಿಯಾಲಿಕ್ ಆಮ್ಲವೆಂಬ ಸಕ್ಕರೆಗೆ ಅಂಟಿಕೊಳ್ಳುತ್ತದೆ. ಜೀವಕೋಶವೇ ಅದನ್ನು ಗುಳ್ಳೆ ಮಾಡಿ ಒಳಗೆಳೆದುಕೊಳ್ಳುತ್ತದೆ. ಗುಳ್ಳೆಯೊಳಗೆ ಹುಳಿ ಏರಿದ್ದೇ ತಡ, ವೈರಸ್ಸಿನ ಪೊರೆ ಗುಳ್ಳೆಯ ಪೊರೆಗೆ ಬೆಸೆದುಕೊಂಡು ದಾರಿ ಬಿಡುತ್ತದೆ. ಆರ್‌ಎನ್‌ಎ ತುಂಡುಗಳು ಹೊರಬಿದ್ದು ಕೋಶಕೇಂದ್ರ ಸೇರುತ್ತವೆ.

ಮುಂದಿನದು ಬಿ.ಫಾರ್ಮ ಓದುವಾಗಲೇ ನನ್ನ ಮೈ ಜುಮ್ಮೆನಿಸಿದ ಸಂಗತಿ. ಯಾವ ಪ್ರೋಟೀನು ಮಾಡಬೇಕೆಂದು ರೈಬೋಸೋಮಿಗೆ ತಿಳಿಸಲು ನಮ್ಮ ಜೀವಕೋಶ ಬರೆಯುವ ಎಂಆರ್‌ಎನ್‌ಎ ಸಂದೇಶದ ತಲೆಯಲ್ಲಿ ಮೊಹರಿನಂಥ ಒಂದು ಟೋಪಿ ಇರುತ್ತದೆ. ಅದನ್ನು ನೋಡಿಯೇ ರೈಬೋಸೋಮು ಕೆಲಸಕ್ಕೆ ಇಳಿಯುವುದು. ಆ ಟೋಪಿ ಮಾಡಿಕೊಳ್ಳಲು ಫ್ಲೂ ವೈರಸ್ಸಿಗೆ ಬರುವುದಿಲ್ಲ. ಹಾಗಾಗಿ ನಮ್ಮ ಸಂದೇಶವನ್ನು ಹಿಡಿದು, ಟೋಪಿಯಿಂದ 10–13 ಅಕ್ಷರ ಬಿಟ್ಟು ಕತ್ತರಿಸಿ, ಆ ತುಂಡಿಗೆ ತನ್ನ ಸಂದೇಶವನ್ನು ಮುಂದುವರಿಸಿ ಬರೆಯುತ್ತದೆ. “ನಿಮ್ಮ ಪತ್ರದ ಮೊಹರು ಕತ್ತರಿಸಿ ಬೇರೆಯವ್ರು ತಮ್ಮ ಕಾಗದಕ್ಕೆ ಅಂಟಿಸಿಕೊಂಡ ಹಾಗೆ” ಎಂದೆ. “ಥೂ, ಕಳ್ಳ ಕ್ರಯಪತ್ರ!” ಎಂದರು ಗೌಡರು. ಆ ಕಳ್ಳಪತ್ರವನ್ನು ಓದಿ ವೈರಸ್ಸಿನ ಪ್ರೋಟೀನು ಮಾಡಿಕೊಡುವುದು ನಮ್ಮದೇ ರೈಬೋಸೋಮು. ಅಜಿಥ್ರೊಮೈಸಿನ್ ಬ್ಯಾಕ್ಟೀರಿಯಾದ ರೈಬೋಸೋಮನ್ನು ಹಿಡಿಯುವಂತೆ ನಮ್ಮದನ್ನು ಹಿಡಿಯುವುದಿಲ್ಲ. ಹಾಗಿರುವುದರಿಂದಲೇ ಅದನ್ನು ನಾವು ನುಂಗಬಹುದು. ವೈರಸ್ ದುಡಿಸಿಕೊಳ್ಳುವುದು ನಮ್ಮದನ್ನು. ಮಾತ್ರೆಗೆ ಅಲ್ಲಿ ಏನು ಕೆಲಸ?

“ಮತ್ತೆ ನಂಗೆ ಇಳಿದದ್ದು?” ಎಂದು ಅವರು ಕೇಳಿದರು. ಫ್ಲೂ ಆಗಿದ್ದರೆ ಇಳಿಸಿದ್ದು ಅವರ ಮೈಯ ಶಕ್ತಿಯೇ.

ವೈರಸ್ಸಿಗೇ ಹೊಡೆಯುವ ಔಷಧಗಳೂ ಇವೆ. ಹೊಸ ವೈರಸ್ಸುಗಳು ಕೋಶದಿಂದ ಬಿಡಿಸಿಕೊಳ್ಳದಂತೆ ಒಸೆಲ್ಟಮಿವಿರ್ ತಡೆಯುತ್ತದೆ. ಜ್ವರ ಶುರುವಾದ 48 ಗಂಟೆಯೊಳಗೆ ಕೊಟ್ಟರೆ ಹೆಚ್ಚು ಉಪಯೋಗ. 2018ರಲ್ಲಿ ಜಪಾನ್, ಅಮೆರಿಕಗಳಲ್ಲಿ ಒಪ್ಪಿಗೆ ಪಡೆದ ಬಲಾಕ್ಸವಿರ್ ಆ ಮೊಹರು ಕತ್ತರಿಸುವ ಕತ್ತರಿಯನ್ನೇ ಹಿಡಿದು ನಿಲ್ಲಿಸುತ್ತದೆ. ಯಾರಿಗೆ ಬೇಕು ಎನ್ನುವುದನ್ನು ಡಾಕ್ಟರೇ ಹೇಳಬೇಕು. ಫ್ಲೂ ಹಿಂದೆಯೇ ಬ್ಯಾಕ್ಟೀರಿಯಾದ ನ್ಯುಮೋನಿಯಾ ಬರುವುದುಂಟು, ಆಗ ಆ್ಯಂಟಿಬಯಾಟಿಕ್ ಬೇಕೇ ಬೇಕು. ಬಿಟ್ಟ ಜ್ವರ ಮತ್ತೆ ಏರಿದರೆ, ಉಸಿರು ಕಟ್ಟಿದರೆ ನನ್ನಂಥವರ ಅಂಗಡಿಗೆ ಬರಬೇಡಿ, ನೇರ ಆಸ್ಪತ್ರೆಗೆ ಹೋಗಿ.

ಗೌಡರು ಸ್ಟ್ರಿಪ್ಪನ್ನು ಕೌಂಟರಿನ ಮೇಲೇ ಬಿಟ್ಟು, ಮಗಳನ್ನು ಡಾಕ್ಟರ ಹತ್ತಿರ ಕರೆದೊಯ್ಯಲು ಎದ್ದರು. ಕಾಲು ಗಂಟೆ ಹಿಡಿಯಿತು. ಎಲ್ಲರಿಗೂ ಕಾಲು ಗಂಟೆ ಕೊಡಲು ನನ್ನಿಂದಾಗದು, ತಮ್ಮ ಪತ್ರಿಕೆಯಿಂದ ಆಗುತ್ತದೆ. ಈ ಸಲ ಆ ಸಾಲಿನ ಕೆಳಗೆ, ವೈರಸ್ಸು ಮೊಹರು ಕತ್ತರಿಸುವ ಚಿತ್ರವೊಂದನ್ನು ದೊಡ್ಡದಾಗಿ ಹಾಕಿ. ಕೌಂಟರಿನ ಗಾಜಿಗೆ ಅಂಟಿಸಿಕೊಳ್ಳುತ್ತೇನೆ.

– ಫಾರ್ಮಾಸಿಸ್ಟ್ ಒಬ್ಬಳು, ಕೊಪ್ಪ