ಪುಟ್ಟಿಗೆ, ವಾಯಿದೆ ತಗೊಳ್ಳುವ ಮುಂಚೆ

ಪ್ರೀತಿಯ ಪುಟ್ಟಿ,

ನಿನ್ನ ಮೇಲ್ ಎರಡು ಸಲ ಓದಿದೆ. ಕರಿ ಕೋಟು ಹಾಕಿ ಇನ್ನೂ ವರ್ಷ ತುಂಬಿಲ್ಲ, ಆಗಲೇ ರೋಸಿಹೋಗಿದ್ದೀಯ. ಅರ್ಧಕ್ಕರ್ಧ ದಾವೆಗಳಲ್ಲಿ ಹುರುಳೇ ಇಲ್ಲ, ಕೋರ್ಟ್ ಫೀ ನಾಲ್ಕು ಪಟ್ಟು ಏರಿಸಬೇಕು, ಸೋತವರಿಂದ ಎರಡೂ ಕಡೆಯ ಖರ್ಚು ವಸೂಲಿ ಮಾಡಬೇಕು ಅಂತ ಬರೆದಿದ್ದೀಯ. ಆಮೇಲೆ ತಳದಲ್ಲಿ ಒಂದು ಸಾಲು. ಮನೆ ಖಾಲಿ ಮಾಡದ ಬಾಡಿಗೆದಾರ ನಿನ್ನ ಕಕ್ಷಿದಾರ, "ಗೆಲ್ಲೋದೇನೂ ಬೇಡ ಮೇಡಂ, ಐದು ವರ್ಷ ಎಳೆದರೆ ಸಾಕು" ಅಂತ ಹೇಳಿದನಂತೆ, ಏನು ಮಾಡಲಿ ದೊಡ್ಡಪ್ಪ ಅಂತ ಕೇಳಿದ್ದೀಯ.

ನೀನು ತಳದಲ್ಲಿ ಬರೆದದ್ದೇ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡಿತು. ಆದರೆ ಮೊದಲು ಮೇಲಿನದ್ದಕ್ಕೆ ಉತ್ತರ ಕೊಡುತ್ತೇನೆ.

ಹುಚ್ಚು ದಾವೆಗಳು ಇವೆ, ಇಲ್ಲ ಅನ್ನಲ್ಲ. ಅಮೆರಿಕದ ವಾಷಿಂಗ್ಟನ್‌ನಲ್ಲಿ 2005ರಲ್ಲಿ ಒಬ್ಬ ಮನುಷ್ಯ, ಅದೂ ಸ್ವತಃ ಆಡಳಿತ ವ್ಯಾಜ್ಯಗಳ ನ್ಯಾಯಾಧೀಶ, ಡ್ರೈ ಕ್ಲೀನಿಂಗ್ ಅಂಗಡಿಯವರು ತನ್ನ ಒಂದು ಪ್ಯಾಂಟ್ ಕಳೆದರು ಅಂತ ದಾವೆ ಹಾಕಿ, 6.7 ಕೋಟಿ ಡಾಲರ್ ಕೇಳಿದ. ಆಮೇಲೆ 5.4 ಕೋಟಿಗೆ ಇಳಿಸಿದ. 2007ರಲ್ಲಿ ಸೋತ. ಆದರೆ ಸಾಕು ಸಾಕಾಗಿ, ಅಂಗಡಿ ನಡೆಸುತ್ತಿದ್ದ ಸಂಸಾರ ಆಮೇಲೆ ಆ ಅಂಗಡಿಯನ್ನೇ ಮುಚ್ಚಿತು. "ಗೆದ್ದವನು ಸೋತ, ಸೋತವನು ಸತ್ತ" ಅಂತಾರಲ್ಲ, ಅದೇ.

ಈ ಕಥೆ ಹೇಳುವವರೆಲ್ಲ ಅದರ ಪಕ್ಕದಲ್ಲೇ ಅಮೆರಿಕದ ಮೆಕ್‌ಡೊನಾಲ್ಡ್ಸ್ ಕಂಪನಿಯ ಮೇಲಿನ ಕಾಫಿ ಕೇಸನ್ನೂ ಇಡುತ್ತಾರೆ. ಕಾಫಿ ಚೆಲ್ಲಿಕೊಂಡು ಕೋಟ್ಯಧೀಶೆ ಆದಳು ಅಂತ ನಗುತ್ತಾರೆ. ಅಲ್ಲಿ ನನಗೆ ಕೋಪ ಬರುತ್ತದೆ. 1992ರಲ್ಲಿ 79 ವರ್ಷದ ಆ ಹೆಂಗಸಿನ ತೊಡೆಯ ಮೇಲೆ ಚೆಲ್ಲಿದ್ದು 80 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಬಿಸಿ ಇಟ್ಟು ಮಾರುತ್ತಿದ್ದ ಕಾಫಿ. ಚರ್ಮದ ಆಳದವರೆಗೂ ಸುಟ್ಟಿತು, ಬೇರೆ ಕಡೆಯ ಚರ್ಮ ತಂದು ಹಾಕಬೇಕಾಯಿತು. ಆಕೆ ಮೊದಲು ಕೇಳಿದ್ದು ಸುಮಾರು 20,000 ಡಾಲರ್, ಕಂಪನಿ ಕೊಡುತ್ತೇನೆ ಅಂದದ್ದು 800. ಅದೇ ಕಾಫಿಯಿಂದ ಸುಟ್ಟುಕೊಂಡವರ 700ಕ್ಕೂ ಹೆಚ್ಚು ದೂರುಗಳು ಕಂಪನಿಯ ಕಡತದಲ್ಲೇ ಇದ್ದವು. ಜ್ಯೂರಿ ಹೇಳಿದ 27 ಲಕ್ಷ ಡಾಲರ್ ದಂಡವನ್ನು ನ್ಯಾಯಾಧೀಶರು 4,80,000ಕ್ಕೆ ಇಳಿಸಿದರು, ಕೊನೆಗೆ ಎಷ್ಟಕ್ಕೋ ಹೊರಗಡೆ ರಾಜಿ ಆಯಿತು. ಇದು ಹುರುಳಿಲ್ಲದ ದಾವೆಯಾ? ಕಡತ ಓದದೆ ನಗುವವರ ಮಾತು ಕೇಳಿ ಕಾನೂನು ಬದಲಿಸಬಾರದು ಪುಟ್ಟಿ.

ಇನ್ನು ಫೀ ಏರಿಸುವ ವಿಚಾರ. ಬ್ರಿಟನ್‌ನವರು ಅದನ್ನು ಮಾಡಿ ನೋಡಿದರು. 2013ರ ಜುಲೈನಿಂದ ಕೆಲಸಗಾರರು ಉದ್ಯೋಗ ನ್ಯಾಯಮಂಡಳಿಗೆ ಹೋಗಬೇಕಾದರೆ ಫೀ ಕಟ್ಟಬೇಕು ಅಂದರು, ಕೆಲವು ಕೇಸುಗಳಿಗೆ ಎಲ್ಲ ಸೇರಿ 1,200 ಪೌಂಡ್. ಕೇಸುಗಳು ಮೂರರಲ್ಲಿ ಎರಡು ಪಾಲು ಕಮ್ಮಿಯಾದವು. ನಿನ್ನ ಲೆಕ್ಕದಲ್ಲಿ ಸುಳ್ಳು ಕೇಸುಗಳೆಲ್ಲ ಉದುರಿ ಗಟ್ಟಿ ಕೇಸುಗಳು ಉಳಿಯಬೇಕಿತ್ತು, ಅಲ್ವಾ? ಆಗಿದ್ದು ಹಾಗಲ್ಲ. ಫೀ ಬಂದ ಮೇಲೆ ಗೆಲ್ಲುವವರ ಪ್ರಮಾಣ ಇನ್ನೂ ಕೆಳಗೆ ಹೋಯಿತು. ಚಿಕ್ಕ ಬಾಕಿಗೆ ದೊಡ್ಡ ಫೀ ಯಾರು ಕಟ್ಟುತ್ತಾರೆ? ನ್ಯಾಯ ಇದ್ದವರೇ ಮನೆಯಲ್ಲಿ ಉಳಿದರು. 2017ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಆ ಫೀಯನ್ನೇ ಹೊಡೆದುಹಾಕಿತು, ಕಟ್ಟಿಸಿಕೊಂಡದ್ದನ್ನು ವಾಪಸ್ ಕೊಡಬೇಕಾಯಿತು.

ಸೋತವರು ಖರ್ಚು ಕೊಡಲಿ ಅನ್ನುವುದರಲ್ಲಿ ಸ್ವಲ್ಪ ತಿರುಳಿದೆ, ಇಂಗ್ಲೆಂಡಿನಲ್ಲಿ ಹಿಂದಿನಿಂದ ಇರುವುದೂ ಅದೇ. ಆದರೆ ಫ್ಲೋರಿಡಾ ರಾಜ್ಯ 1980ರಲ್ಲಿ ವೈದ್ಯರ ಮೇಲಿನ ದಾವೆಗಳಿಗೆ ಅದನ್ನು ತಂದು, 1985ರಲ್ಲಿ ಕೈಬಿಟ್ಟಿತು. ಸೋತ ರೋಗಿಯ ಹತ್ತಿರ ವಸೂಲಿ ಮಾಡಲು ಏನೂ ಇರುತ್ತಿರಲಿಲ್ಲ, ವೈದ್ಯ ಸೋತರೆ ಮಾತ್ರ ಎರಡೂ ಕಡೆಯ ಬಿಲ್ಲು ಅವರ ತಲೆಗೆ ಬರುತ್ತಿತ್ತು. ಅಮೆರಿಕದ ಫೆಡರಲ್ ಕೋರ್ಟುಗಳು 1983ರಲ್ಲಿ ಇನ್ನೊಂದು ದಾರಿ ಹಿಡಿದವು. ಹುರುಳಿಲ್ಲದ ಕಾಗದಕ್ಕೆ ಸಹಿ ಹಾಕಿದ ವಕೀಲನಿಗೆ ಕಡ್ಡಾಯವಾಗಿ ದಂಡ. ಕೇಳಲು ಚೆನ್ನಾಗಿದೆ. ಆದರೆ ವಕೀಲರು ಒಬ್ಬರ ಮೇಲೊಬ್ಬರು ದಂಡದ ಅರ್ಜಿ ಹಾಕಲು ಶುರು ಮಾಡಿ, ಕೇಸಿನ ಹೊಟ್ಟೆಯಲ್ಲಿ ಇನ್ನೊಂದು ಕೇಸು ಹುಟ್ಟಿತು. 1993ರಲ್ಲಿ ಸಡಿಲ ಮಾಡಿದರು. ತಪ್ಪು ತೋರಿಸಿದರೆ 21 ದಿನದ ಒಳಗೆ ವಾಪಸ್ ತಗೊಳ್ಳಬಹುದು, ಆಗ ದಂಡ ಇಲ್ಲ ಅಂತ. ನನಗೆ ಈ 21 ದಿನದ ನಿಯಮ ತುಂಬಾ ಇಷ್ಟ, ಮನುಷ್ಯ ಮರ್ಯಾದೆ ಉಳಿಸಿಕೊಂಡು ಹಿಂದೆ ಸರಿಯಲು ಜಾಗ ಬೇಕು.

ಈಗ ನಿನ್ನ ಕಕ್ಷಿದಾರನ ವಿಷಯಕ್ಕೆ ಬರುತ್ತೇನೆ. ನೀನು ಬೈದಿದ್ದೆಲ್ಲ ದಾವೆ ಹಾಕುವವರನ್ನು. ಆದರೆ ಈ ಮನುಷ್ಯ ಪ್ರತಿವಾದಿ. ದಾವೆಯಲ್ಲಿ ಹುರುಳಿದೆ, ಅದಕ್ಕೆ ಉತ್ತರವಾಗಿ ಇವನು ಹಾಕುವ ತಕರಾರಿನಲ್ಲಿ ಇಲ್ಲ. ಸಿವಿಲ್ ಕೋರ್ಟಿನಲ್ಲಿ ನಾನು ಕಳೆದ ಅಷ್ಟು ವರ್ಷಗಳಲ್ಲಿ ನೋಡಿದ ಸುಳ್ಳೆಲ್ಲ ಹೆಚ್ಚಾಗಿ ಈ ಕಡೆಯಿಂದಲೇ ಬಂದದ್ದು. ಪೇಪರಿನವರು ಇದನ್ನು ಬರೆಯುವುದಿಲ್ಲ, ಬರೆಯಲು ಇದರಲ್ಲಿ ಪ್ಯಾಂಟೂ ಇಲ್ಲ, ಕಾಫಿಯೂ ಇಲ್ಲ.

ಒಂದು ಕೇಸು ಹೇಳುತ್ತೇನೆ, ಯಾರಿಗೂ ಹೇಳಿಲ್ಲ. ನನಗಾಗ ನಿನ್ನ ವಯಸ್ಸು. ಒಬ್ಬ ಬಡಗಿ, ಬಾಗಿಲು ಕಿಟಕಿ ಮಾಡಿಕೊಟ್ಟ ದುಡ್ಡು ಬಾಕಿ ಇದೆ ಅಂತ ನನ್ನ ಕಕ್ಷಿದಾರನ ಮೇಲೆ ದಾವೆ ಹಾಕಿದ್ದ. ನಾವು "ಮರ ಸರಿ ಇರಲಿಲ್ಲ" ಅಂತ ತಕರಾರು ಸಲ್ಲಿಸಿದೆವು. ಮರ ಚೆನ್ನಾಗಿಯೇ ಇತ್ತು, ಅದು ನನಗೆ ಗೊತ್ತಿತ್ತು. ಒಂದು ಸಲ ಕಕ್ಷಿದಾರ ಊರಲ್ಲಿಲ್ಲ, ಒಂದು ಸಲ ಸೀನಿಯರ್‌ಗೆ ಜ್ವರ, ಒಂದು ಸಲ ಬೇರೆ ಕೋರ್ಟಿನಲ್ಲಿ ಕೆಲಸ, ಹೀಗೆ ಹದಿನೈದು ಸಲ ವಾಯಿದೆ ತಗೊಂಡೆ, ಅಂದರೆ ವಿಚಾರಣೆ ಮುಂದಕ್ಕೆ ಹಾಕಿಸಿದೆ. ಪ್ರತಿ ಸಲವೂ ಅವನು ಆ ದಿನದ ಕೂಲಿ ಬಿಟ್ಟು ಬಂದು, ಕಾರಿಡಾರಿನ ಬೆಂಚಿನ ತುದಿಯಲ್ಲಿ ಕೂತು, ಹೆಸರು ಕೂಗುವುದನ್ನೇ ಕಾಯುತ್ತಿದ್ದ. ಅಂಗಿ ಜೇಬಿನಲ್ಲಿ ಅಳತೆ ಬರೆದ ಒಂದು ಚಿಕ್ಕ ಪುಸ್ತಕ. ಯಾವ ಬಾಗಿಲಿಗೆ ಎಷ್ಟು ಮರ, ಯಾವ ದಿನ ಎಷ್ಟು ದುಡ್ಡು ಬಂತು, ಎಲ್ಲ ಪೆನ್ಸಿಲ್‌ನಲ್ಲಿ. ಕೊನೆಗೆ ಪಾಟೀ ಸವಾಲಿನ ದಿನ ಆ ಪುಸ್ತಕ ಬಿಚ್ಚಿದ. ಅಷ್ಟು ವರ್ಷ ಬೆವರಿಗೆ ಉಜ್ಜಿ ಅಕ್ಷರ ಮಾಸಿಹೋಗಿದ್ದವು. ನಾನು ಎದ್ದು ನಿಂತು ಕೇಳಿದೆ, "ಈ ಅಂಕಿ ನಿಮಗೇ ಓದಲು ಬರುತ್ತಿಲ್ಲ, ಅಲ್ವಾ?" ಅವನು ಪುಸ್ತಕವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದ. ಆಮೇಲೆ "ಹೌದು ಸ್ವಾಮಿ" ಅಂದ. ಅರ್ಧ ದುಡ್ಡಿಗೆ ರಾಜಿ ಆಯಿತು. ಸೀನಿಯರ್ ಬೆನ್ನು ತಟ್ಟಿದರು.

ಆ ಅಕ್ಷರ ಅಳಿಸಿದ್ದು ನನ್ನ ವಾಯಿದೆಗಳು.

ಅದಕ್ಕೇ ಹೇಳುತ್ತೇನೆ, ಬಾಗಿಲಲ್ಲಿ ಫೀ ಏರಿಸುವುದು ಬೇಡ, ಒಳಗೆ ಎಳೆದಾಟದಿಂದ ಸಿಗುವ ಲಾಭ ನಿಲ್ಲಬೇಕು. ಅದಕ್ಕೆ ಬೇಕಾದ ಅರ್ಧ ಸಾಮಾನು ನಮ್ಮ 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲೇ ಇದೆ. ವಿಚಾರಣೆ ಹೊತ್ತಿನಲ್ಲಿ ಒಬ್ಬರಿಗೆ ಮೂರಕ್ಕಿಂತ ಜಾಸ್ತಿ ವಾಯಿದೆ ಕೊಡಬಾರದು ಅಂತ ಅದರ ಆರ್ಡರ್ 17 ಅನ್ನುವ ಭಾಗ ಹೇಳುತ್ತದೆ. ಕೈಮೀರಿದ ಸಂದರ್ಭ ಬೇರೆ ಅಂತ 2005ರಲ್ಲಿ ಸುಪ್ರೀಂ ಕೋರ್ಟು ಒಂದು ಸಣ್ಣ ಕಿಂಡಿ ಬಿಟ್ಟಿತು, ಈಗ ಎಲ್ಲರೂ ಆ ಕಿಂಡಿಯಲ್ಲೇ ನುಗ್ಗುತ್ತಾರೆ. ಸುಳ್ಳು ದಾವೆ ಮಾತ್ರ ಅಲ್ಲ, ಸುಳ್ಳು ತಕರಾರಿಗೂ ಪರಿಹಾರ ಕೊಡಿಸಬಹುದು ಅನ್ನುವ ಸೆಕ್ಷನ್ 35ಎ ಇದೆ, ಆದರೆ ಗರಿಷ್ಠ ಬರೀ 3,000 ರೂಪಾಯಿ! ವಾಣಿಜ್ಯ ವ್ಯಾಜ್ಯಗಳಿಗೆ 2015ರ ಕಾನೂನು ಆ ಮಿತಿ ತೆಗೆಯಿತು. ಬಡಗಿಯ ದಾವೆಗೆ ಯಾಕೆ ತೆಗೆಯಬಾರದು? ಅಂದಂದಿನ ಖರ್ಚು ಅಂದೇ, ಮುಂದಿನ ವಾಯಿದೆಗೆ ಮುಂಚೆ, ಬಂದು ಕಾದವರ ಕೈಗೆ ಹೋಗಬೇಕು. ಕೊನೆಯ ಡಿಕ್ರಿಯಲ್ಲಿ, ಅಂದರೆ ತೀರ್ಪಿನ ಆದೇಶದಲ್ಲಿ, ಬರೆದ ಖರ್ಚನ್ನು ಯಾರೂ ಲೆಕ್ಕಕ್ಕೆ ಇಡುವುದಿಲ್ಲ.

ಇನ್ನೊಂದು, ಆರ್ಡರ್ 10. ಮೊದಲ ದಿನವೇ ನ್ಯಾಯಾಧೀಶರು ಇಬ್ಬರನ್ನೂ ಎದುರಿಗೆ ನಿಲ್ಲಿಸಿ ಬಾಯಿಮಾತಲ್ಲಿ ಪ್ರಶ್ನೆ ಕೇಳಬಹುದು. ಜೊಳ್ಳು ದಾವೆಯನ್ನು ಹೀಗೆ ಮೊದಲಲ್ಲೇ ಚಿವುಟಿ ಅಂತ ಸುಪ್ರೀಂ ಕೋರ್ಟಿನ ನ್ಯಾಯಾಧೀಶ ಕೃಷ್ಣ ಅಯ್ಯರ್ ಅವರು 1977ರಲ್ಲೇ ಬರೆದರು. "ಮರದಲ್ಲಿ ಏನು ದೋಷ ಇತ್ತು ಹೇಳಪ್ಪ" ಅಂತ ಮೊದಲ ದಿನ ಒಬ್ಬರು ಕೇಳಿದ್ದರೆ ನನ್ನ ಕಕ್ಷಿದಾರ ತಡವರಿಸಿಬಿಡುತ್ತಿದ್ದ. ಆ ಪುಸ್ತಕವೂ ಆಗಿನ್ನೂ ಓದುವ ಹಾಗಿತ್ತು. ಇಷ್ಟು ಮಾಡಲು ಹೊಸ ಕಾನೂನು ಬೇಡ, ನ್ಯಾಯಾಧೀಶರಿಗೆ ಕಡತ ಓದುವಷ್ಟು ಪುರುಸೊತ್ತು ಬೇಕು, ಅಂದರೆ ಜಾಸ್ತಿ ನ್ಯಾಯಾಧೀಶರು ಬೇಕು. ಇಂಗ್ಲೆಂಡಿನಲ್ಲಿ ನ್ಯಾಯಾಧೀಶ ಲಾರ್ಡ್ ವುಲ್ಫ್ ಅವರ ವರದಿ ಆದಮೇಲೆ 1999ರಲ್ಲಿ ಬಂದ ನಿಯಮಗಳ ಪ್ರಕಾರ, ದಾವೆ ಹಾಕುವ ಮುಂಚೆಯೇ ಎರಡೂ ಕಡೆಯವರು ಪತ್ರ ಬರೆದು ಕಾಗದ ತೋರಿಸಿಕೊಳ್ಳಬೇಕು. ಅದೂ ಒಳ್ಳೆಯದೇ.

ನಿನ್ನ ಬಾಡಿಗೆದಾರನನ್ನು ಆಫೀಸಿಗೆ ಕರೆಸು. ಸುಪ್ರೀಂ ಕೋರ್ಟಿನ ಆತ್ಮಾರಾಮ್ ಪ್ರಾಪರ್ಟೀಸ್ ತೀರ್ಪು ತೆಗೆದು ಓದಿ ಹೇಳು. ಖಾಲಿ ಮಾಡಿಸುವ ಡಿಕ್ರಿ ಆದ ಮೇಲೆ ಮೇಲಿನ ಕೋರ್ಟಿನಲ್ಲಿ ತಡೆಯಾಜ್ಞೆ ಬೇಕಾದರೆ, ಹಳೇ ಬಾಡಿಗೆ ಅಲ್ಲ, ಈಗಿನ ಮಾರುಕಟ್ಟೆ ದರವನ್ನೇ ಕಟ್ಟು ಅಂತ ಷರತ್ತು ಹಾಕಬಹುದು ಅನ್ನುವುದು ಅದರಲ್ಲಿದೆ. ಎಳೆದರೆ ಬಿಟ್ಟಿ ಅಂತ ಅವನು ಅಂದುಕೊಂಡಿದ್ದಾನೆ, ಅಷ್ಟು ಬಿಟ್ಟಿ ಅಲ್ಲ ಅಂತ ಲೆಕ್ಕ ಬರೆದು ತೋರಿಸು. ಬೇರೆ ಮನೆ ಹುಡುಕಲು ನಿಜವಾಗಿ ಎಷ್ಟು ತಿಂಗಳು ಬೇಕು ಅಂತ ಕೇಳು, ಆರೋ ಎಂಟೋ ಹೇಳುತ್ತಾನೆ, ಅಷ್ಟಕ್ಕೆ ಎದುರು ವಕೀಲರ ಜೊತೆ ಕೂತು ಮಾತಾಡಿ ಬರವಣಿಗೆಯಲ್ಲಿ ರಾಜಿ ಮಾಡಿಸು. ಒಪ್ಪದಿದ್ದರೆ ಫೈಲ್ ವಾಪಸ್ ಕೊಡು. ಸೀನಿಯರ್ ಬೇಜಾರು ಮಾಡಿಕೊಂಡರೆ ನಾನು ಮಾತಾಡುತ್ತೇನೆ.

ತಕರಾರು ಸಲ್ಲಿಸಲು ಇನ್ನೆಷ್ಟು ದಿನ ಇದೆ ಅಂತ ಇವತ್ತೇ ಬರೆದು ತಿಳಿಸು. ಮೂವತ್ತು ದಿನ ದಾಟುವ ಮುಂಚೆ ಅವನ ಹತ್ತಿರ ಮಾತಾಡಿಬಿಡು.

ನಿನ್ನ
ದೊಡ್ಡಪ್ಪ